ಮೀಟಿಂಗ್ ರೂಮಿಗೂ ಪ್ರೊಜೆಕ್ಟರಿಗೂ ಒಂದೊಂದು ಇಮೇಲ್ ಕೊಡಿ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಮೀಟಿಂಗ್ ರೂಮಿಗೆಂದೇ ಒಂದು ರಿಜಿಸ್ಟರ್ ಇತ್ತು. ರಿಸೆಪ್ಷನ್ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ. ಒಬ್ಬರು 11 ಗಂಟೆಗೆ ಅಂತ ಹೆಸರು ಬರೆದಿರುತ್ತಿದ್ದರು. ಇನ್ನೊಬ್ಬರು ‘ಸಾಹೇಬರು ಹೇಳಿದ್ದಾರೆ’ ಅಂತ ಬಂದು ಕೂತಿರುತ್ತಿದ್ದರು. ಹೇಗೋ ರೂಮು ಸಿಕ್ಕಿತು ಅಂದುಕೊಳ್ಳಿ, ಪ್ರೊಜೆಕ್ಟರ್ ಸಿಗುತ್ತಿರಲಿಲ್ಲ. ಅದು ಯಾರದ್ದೋ ಬೀರುವಿನಲ್ಲಿ ಬೆಚ್ಚಗೆ ಇರುತ್ತಿತ್ತು.

ನಿಮ್ಮ ಆಫೀಸಿನಲ್ಲಿ ಮೈಕ್ರೋಸಾಫ್ಟ್ 365 ಮತ್ತು ಔಟ್‌ಲುಕ್ ಇದ್ದರೆ ಇದಕ್ಕಾಗಿ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಅದರಲ್ಲಿರುವ ಉಪಾಯ ಸರಳ. ರೂಮಿಗೂ ಒಂದು ಇಮೇಲ್ ವಿಳಾಸ, ಪ್ರೊಜೆಕ್ಟರಿಗೂ ಒಂದು. ಮೀಟಿಂಗಿಗೆ ಜೊತೆಗಾರರನ್ನು ಕರೆದ ಹಾಗೆಯೇ ರೂಮನ್ನೂ ಕರೆಯುತ್ತೀರಿ. ಆ ಹೊತ್ತಿಗೆ ಖಾಲಿ ಇದ್ದರೆ ಒಪ್ಪಿಕೊಳ್ಳುತ್ತದೆ, ಇಲ್ಲದಿದ್ದರೆ ಆಗಲ್ಲ ಅನ್ನುತ್ತದೆ. ಯಾರ ಮುಲಾಜೂ ಅದಕ್ಕಿಲ್ಲ. ಬರೀ ಬುಕಿಂಗ್ ಮಟ್ಟಿಗಾದರೆ ಈ ವಿಳಾಸಗಳಿಗೆ ಬೇರೆ ಲೈಸೆನ್ಸ್ ಕೂಡ ಬೇಡ. ಗೂಗಲ್ ವರ್ಕ್‌ಸ್ಪೇಸ್‌ನಲ್ಲೂ ಹೆಚ್ಚುಕಮ್ಮಿ ಇದೇ ಏರ್ಪಾಡು ಇದೆ. ಅಲ್ಲಿ ಅಡ್ಮಿನ್ ಕನ್ಸೋಲ್‌ನ ‘ಡೈರೆಕ್ಟರಿ’ಯೊಳಗೆ ‘ಬಿಲ್ಡಿಂಗ್ಸ್ ಅಂಡ್ ರಿಸೋರ್ಸಸ್’ ಹುಡುಕಿ. ಇಲ್ಲಿ ಔಟ್‌ಲುಕ್‌ನದ್ದನ್ನೇ ಹೇಳುತ್ತೇನೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಆಫೀಸನ್ನು ಒಂದು ಸುತ್ತು ಹಾಕಿ. ಹಂಚಿಕೊಂಡು ಬಳಸುವುದನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದನ್ನು ಎತ್ತಿಕೊಂಡು ಹೋಗಬಹುದಾ? ಗೋಡೆಗೆ ಹೊಡೆದ ಟಿವಿ ರೂಮಿನ ಭಾಗ, ಅದಕ್ಕೆ ಬೇರೆ ವಿಳಾಸ ಬೇಡ. ಎತ್ತಿ ಒಯ್ಯುವ ಪ್ರೊಜೆಕ್ಟರ್, ಕ್ಯಾಮೆರಾ, ಮೈಕ್ ಸೆಟ್, ಆಫೀಸ್ ಕಾರು ಇವಕ್ಕೆಲ್ಲ ಒಂದೊಂದು ವಿಳಾಸ ಬೇಕು. ಎರಡು ಪ್ರೊಜೆಕ್ಟರ್ ಇದ್ದರೆ ಎರಡನ್ನೂ ಬೇರೆ ಬೇರೆಯಾಗಿ, 1 ಮತ್ತು 2 ಅಂತ ಸೇರಿಸಿ. ಅದೇ ನಂಬರಿನ ಸ್ಟಿಕ್ಕರನ್ನು ಯಂತ್ರಕ್ಕೂ ಅಂಟಿಸಿ. ಇಲ್ಲದಿದ್ದರೆ ರಿಮೋಟ್ ಕೆಟ್ಟಿರುವುದು ಯಾವಾಗಲೂ ‘ಇನ್ನೊಂದು’ ಪ್ರೊಜೆಕ್ಟರಿನದ್ದೇ ಆಗಿರುತ್ತದೆ.

ಹೆಚ್ಚು ತಲೆ ತಿನ್ನುವುದು ನಡುವೆ ಮಡಚುವ ಬಾಗಿಲಿರುವ ಹಾಲ್. ಬಾಗಿಲು ಎಳೆದರೆ ಎರಡು ರೂಮು, ತೆಗೆದರೆ ಒಂದೇ ಹಾಲ್. ಇದನ್ನು ಮೂರು ವಿಳಾಸ ಮಾಡಿದಿರೋ, ಕೆಟ್ಟಿರಿ. ದೊಡ್ಡ ಹಾಲ್ ಬುಕ್ ಆದಾಗ ಅದರ ಅರ್ಧವೂ ಹೋಯಿತು ಅಂತ ಔಟ್‌ಲುಕ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ‘ಎ’ ಮತ್ತು ‘ಬಿ’ ಅಂತ ಎರಡೇ ಇಡಿ. ಪೂರ್ತಿ ಹಾಲ್ ಬೇಕಾದವರು ಎರಡನ್ನೂ ಕರೆಯಲಿ.

ಹೆಸರಿನಲ್ಲಿ ಮಹಡಿ ಇರಲಿ

ಸೇರಿಸುವ ಕೆಲಸ ಹತ್ತು ನಿಮಿಷದ್ದು. ಮೈಕ್ರೋಸಾಫ್ಟ್ 365ರ ಅಡ್ಮಿನ್ ಸೆಂಟರ್ (ಆಫೀಸಿನ ಅಕೌಂಟ್‌ಗಳನ್ನು ಐಟಿಯವರು ನೋಡಿಕೊಳ್ಳುವ ಪುಟ) ತೆರೆದು ‘ರಿಸೋರ್ಸಸ್’ ಕೆಳಗಿನ ‘ರೂಮ್ಸ್ ಅಂಡ್ ಇಕ್ವಿಪ್‌ಮೆಂಟ್’ಗೆ ಹೋಗಿ. ಹೊಸದನ್ನು ಸೇರಿಸುವಾಗ ರೂಮೋ ಸಾಮಾನೋ ಅಂತ ಆರಿಸಿ. ಹೆಸರು, ಇಮೇಲ್, ಎಷ್ಟು ಜನ ಹಿಡಿಸುತ್ತದೆ, ಎಲ್ಲಿದೆ ಎಂಬುದನ್ನು ತುಂಬಿ. ಜನರ ಲೆಕ್ಕಕ್ಕೆ ಕುರ್ಚಿ ಎಣಿಸಿ. ‘ಅಡ್ಜಸ್ಟ್ ಮಾಡಿಕೊಂಡರೆ’ ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ ಬೇಡ.

ರೂಮಿಗೆ ನದಿಯ ಹೆಸರಿಡುವುದು ನಮ್ಮಲ್ಲಿ ಜಾಸ್ತಿ. ಚೆಂದವೇ. ಆದರೆ ಕಾವೇರಿ ಯಾವ ಮಹಡಿಯಲ್ಲಿ ಹರಿಯುತ್ತಾಳೆ ಅಂತ ಹೊಸದಾಗಿ ಸೇರಿದವರಿಗೆ ಹೇಗೆ ಗೊತ್ತಾಗಬೇಕು? ‘2ನೇ ಮಹಡಿ ಕಾವೇರಿ, 8 ಜನ, ಟಿವಿ ಇದೆ’ ಅಂತ ಬರೆಯಿರಿ. ಮಹಡಿ ಮೊದಲು ಬಂದರೆ ಪಟ್ಟಿಯಲ್ಲಿ ಆ ಮಹಡಿಯ ರೂಮುಗಳೆಲ್ಲ ಒಟ್ಟಿಗೆ ಕಾಣುತ್ತವೆ.

ನಿಯಮ ಯಾರು ಹಾಕುವುದು?

ನೀವು ಹಾಕದಿದ್ದರೆ ಮೈಕ್ರೋಸಾಫ್ಟ್ ಹಾಕಿದ್ದೇ ನಡೆಯುತ್ತದೆ. ಮೊದಲೇ ಇರುವ ನಿಯಮದಂತೆ 180 ದಿನ ಮುಂಚಿತವಾಗಿ, ಒಂದು ಸಲಕ್ಕೆ 24 ಗಂಟೆಯವರೆಗೂ ಬುಕ್ ಮಾಡಬಹುದು. ಎರಡು ರೂಮಿರುವ ಆಫೀಸಿಗೆ ಇದು ವಿಪರೀತ. ನಾನಾದರೆ 60 ದಿನ, 4 ಗಂಟೆ ಇಡುತ್ತೇನೆ. ಇದೆಲ್ಲ ಅದೇ ಜಾಗದಲ್ಲಿ, ಬುಕಿಂಗ್ ಆಯ್ಕೆಗಳಲ್ಲಿದೆ.

ಜನ ಜಾಸ್ತಿ ಬೈಯುವುದು ‘ಪ್ರತಿ ಸೋಮವಾರ’ ಥರದ ಬುಕಿಂಗ್‌ಗೆ. ‘ರೂಮು ಖಾಲಿ ಇದೆ, ಆದರೂ ಬೇಡ ಅನ್ನುತ್ತಿದೆ’ ಎಂಬುದು ದೂರು. ಕಾರಣ ಎರಡು. ಕೊನೆಯ ಸೋಮವಾರ ನೀವಿಟ್ಟ ದಿನಗಳ ಗಡಿ ದಾಟಿದ್ದರೆ ದಾಟಿದ ವಾರಗಳಷ್ಟೇ ಅಲ್ಲ, ಇಡೀ ಸಾಲೇ ತಿರಸ್ಕಾರ. ಹಾಗೆಯೇ ಒಂದೇ ಒಂದು ಸೋಮವಾರ ಬೇರೆಯವರ ಮೀಟಿಂಗ್ ಇದ್ದರೂ ಇಡೀ ಸಾಲು ಹೋಗುತ್ತದೆ. ಎರಡನೆಯದನ್ನು ಸಡಿಲಿಸಬಹುದು. ಎಷ್ಟು ಸಲ, ನೂರಕ್ಕೆ ಎಷ್ಟು ಪಾಲು ಅಡ್ಡ ಬಂದರೆ ಪರವಾಗಿಲ್ಲ ಎಂಬುದನ್ನು ಪವರ್‌ಶೆಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಮೈಕ್ರೋಸಾಫ್ಟ್‌ನ ಸಾಧನದಲ್ಲಿ, ಹೇಳಬೇಕು. ಐಟಿಯವರಿಗೆ ಅದು ಒಂದು ಸಾಲಿನ ಕೆಲಸ. ಅಡ್ಡ ಬಂದ ವಾರ ಮಾತ್ರ ಬಿಟ್ಟು ಉಳಿದದ್ದು ಸಿಗುತ್ತದೆ.

ರೂಮುಗಳಿಗೆ ತಾನಾಗಿ ಒಪ್ಪಿಕೊಳ್ಳುವ ಆಯ್ಕೆ ಇರಲಿ. ಕಾರು, ದುಬಾರಿ ಕ್ಯಾಮೆರಾ ಇವಕ್ಕೆ ಅದನ್ನು ತೆಗೆದು, ಒಪ್ಪಿಗೆ ಕೊಡುವವರನ್ನು ನೇಮಿಸಿ. ಒಬ್ಬರಲ್ಲ, ಇಬ್ಬರನ್ನು. ಒಬ್ಬರೇ ಇದ್ದು ಅವರು ಊರಿಗೆ ಹೋದರೆ ಕಾರು ಶೆಡ್ಡಿನಲ್ಲೇ.

ಅಂದಹಾಗೆ, ರೂಮಿನ ಕ್ಯಾಲೆಂಡರ್‌ನಲ್ಲಿ ಸಾಮಾನ್ಯವಾಗಿ ಮೀಟಿಂಗಿನ ವಿಷಯದ ಬದಲು ಕರೆದವರ ಹೆಸರು ಕಾಣುತ್ತದೆ. ಅದು ದೋಷ ಅಲ್ಲ. ‘ಸಂಬಳ ಕಡಿತದ ಚರ್ಚೆ’ ಅಂತ ಎಲ್ಲರಿಗೂ ಕಾಣುವುದು ಬೇಡ, ಅಲ್ವಾ?

ರಿಜಿಸ್ಟರ್ ಎತ್ತಿಡಿ

ಒಂದು ದಿನ ಗೊತ್ತು ಮಾಡಿ. ಅದಕ್ಕೆ ಮೊದಲು ರಿಜಿಸ್ಟರ್‌ನಲ್ಲಿರುವ ಮುಂದಿನ ಬುಕಿಂಗ್‌ಗಳನ್ನೆಲ್ಲ ಕ್ಯಾಲೆಂಡರ್‌ಗೆ ಹಾಕಿ, ಆಮೇಲೆ ರಿಜಿಸ್ಟರನ್ನು ಕಣ್ಣಿಗೆ ಕಾಣದ ಕಡೆ ಇಡಿ. ಎರಡೂ ಇದ್ದರೆ ಜಗಳವೂ ಎರಡು ಪಟ್ಟು.

ಆ ವಾರ ಎಲ್ಲರಿಗೂ ಎರಡು ಮಾತು ಹೇಳಬೇಕು. ‘ಲೊಕೇಶನ್’ ಅನ್ನುವ ಕಡೆ ಸುಮ್ನೆ ‘ಕಾವೇರಿ ರೂಮ್’ ಅಂತ ಟೈಪ್ ಮಾಡಿದರೆ ರೂಮು ಬುಕ್ ಆಗುವುದಿಲ್ಲ, ಪಟ್ಟಿಯಿಂದಲೇ ಆರಿಸಬೇಕು. ಪ್ರೊಜೆಕ್ಟರನ್ನೂ ಹಾಗೆಯೇ ಕರೆಯಬೇಕು. ಮತ್ತೆ, ಮೀಟಿಂಗ್ ರದ್ದಾದರೆ ರದ್ದಾದ ಸಂದೇಶ ರೂಮಿಗೂ ಹೋಗಬೇಕು. ತಮ್ಮ ಕ್ಯಾಲೆಂಡರ್‌ನಿಂದ ಅಳಿಸಿ ಸುಮ್ಮನಾದರೆ ರೂಮಿಗೆ ಸುದ್ದಿ ಮುಟ್ಟಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಕೆಲಸ ಬಿಟ್ಟು ಹೋದವರದು. ಅವರು ಹೋದರೂ ಅವರ ‘ಪ್ರತಿ ಗುರುವಾರ 3 ಗಂಟೆ’ ರೂಮಿನ ಕ್ಯಾಲೆಂಡರ್‌ನಲ್ಲಿ ಹಾಗೇ ಕೂತಿರುತ್ತದೆ. ಒಳಗೆ ಫ್ಯಾನ್ ಕೂಡ ತಿರುಗುತ್ತಿರುವುದಿಲ್ಲ, ಹೊರಗಿನವರಿಗೆ ಮಾತ್ರ ರೂಮಿಲ್ಲ. ಅವರ ಅಕೌಂಟ್ ಅಳಿಸುವ ಮೊದಲೇ, ಅವರು ಕರೆದ ಮುಂದಿನ ಮೀಟಿಂಗ್‌ಗಳನ್ನು ರದ್ದು ಮಾಡಲು ಐಟಿಯವರಿಗೆ ಹೇಳಿ. ಪವರ್‌ಶೆಲ್‌ನಲ್ಲಿ ಅದಕ್ಕೆಂದೇ ‘ರಿಮೂವ್-ಕ್ಯಾಲೆಂಡರ್‌ಈವೆಂಟ್ಸ್’ ಎಂಬ ಆಜ್ಞೆ ಇದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಪಡೆಯುವ ಪಟ್ಟಿಯಲ್ಲೇ ಇದಕ್ಕೂ ಒಂದು ಸಾಲು ಸೇರಿಸಿಬಿಡಿ.