ಭೇಟಿ ಪುಸ್ತಕದ ಹೆಬ್ಬೆಟ್ಟುಗಳು

ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸೇರಿದ ಹೊಸತರಲ್ಲಿ, ಮಗುವನ್ನು ಮನೆಗೆ ಮರಳಿಸುವ ಬಗ್ಗೆ ನಾನು ಬರೆದ ಮೊದಲ ವರದಿಯೇ ತಪ್ಪಾಗಿತ್ತು. ಗಂಡ ತೀರಿಕೊಂಡ ಮೇಲೆ ತೀವ್ರ ಖಿನ್ನತೆಗೆ ಒಳಗಾದ ತಾಯಿಯೊಬ್ಬರು ಮಗನನ್ನು ಬಾಲಮಂದಿರದಲ್ಲಿ ಬಿಟ್ಟಿದ್ದರು. ಎರಡು ವರ್ಷಗಳ ನಂತರ ಚೇತರಿಸಿಕೊಂಡು, ಎಂಟು ತುಂಬಿದ ಹುಡುಗನನ್ನು ವಾಪಸು ಕೇಳುತ್ತಿದ್ದರು. ಮನೆಭೇಟಿ ಮುಗಿಸಿದ ನಾನು, ಒಂದೇ ಕೋಣೆಯ ಬಾಡಿಗೆ ಮನೆ, ನಿಶ್ಚಿತ ಆದಾಯವಿಲ್ಲ, ಆದ್ದರಿಂದ ಒಪ್ಪಿಸುವುದು ಸೂಕ್ತವಲ್ಲ ಎಂದು ಬರೆದೆ. ಇಂಥ ಮಕ್ಕಳ ವಿಷಯದಲ್ಲಿ ಆದೇಶ ನೀಡುವ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರು ಅದನ್ನೋದಿ, "ಇದು ತಾಯಿಯ ದೋಷವೋ, ಬಡತನವೋ? ಮೊದಲು ಅದನ್ನು ಹೇಳಮ್ಮಾ" ಎಂದು ವರದಿಯನ್ನು ಹಿಂದಿರುಗಿಸಿದರು.

ಆ ತಾಯಿಯ ಭಯವೇ ಬೇರೆಯಿತ್ತು. ಬಾಲಮಂದಿರದಲ್ಲಿ ಬಿಡುವಾಗ ಹೆಬ್ಬೆಟ್ಟು ಒತ್ತಿದ ದಿನವೇ ಮಗ ಸರ್ಕಾರದ ಪಾಲಾದನೆಂದು ಅವರು ನಂಬಿದ್ದರು. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಮಗುವನ್ನು ಶಾಶ್ವತವಾಗಿ ಒಪ್ಪಿಸಿ ಬರೆದುಕೊಟ್ಟ ಹೆತ್ತವರಿಗೂ ಮರುಯೋಚನೆಗೆ ಎರಡು ತಿಂಗಳ ಅವಕಾಶವಿದೆ. ಈಕೆಯಂತೂ ಅಂಥ ಪತ್ರವನ್ನೇ ಬರೆದುಕೊಟ್ಟಿರಲಿಲ್ಲ. ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಬಾಲಮಂದಿರದ ಪ್ರಧಾನ ಉದ್ದೇಶವೆಂದು ಅದೇ ಕಾಯ್ದೆಯ 40ನೇ ಸೆಕ್ಷನ್ ಹೇಳುತ್ತದೆ. ಇದನ್ನು ಅವರಿಗೆ ಮೂರು ಸಲ ಬಿಡಿಸಿ ಹೇಳಬೇಕಾಯಿತು.

ಎರಡನೆಯ ವರದಿಗೆ ನನಗೆ ಸಿಕ್ಕ ಗಟ್ಟಿ ಆಧಾರವೆಂದರೆ ಬಾಲಮಂದಿರದ ಭೇಟಿ ಪುಸ್ತಕ. ಚಿಕಿತ್ಸೆಯ ಮೊದಲ ಕೆಲವು ತಿಂಗಳು ಬಿಟ್ಟರೆ, ಎರಡು ವಾರಕ್ಕೊಮ್ಮೆ ಅವರ ಹೆಬ್ಬೆಟ್ಟಿನ ಗುರುತು ತಪ್ಪದೆ ಬಿದ್ದಿತ್ತು. ಆ ಪುಟಗಳ ನಕಲನ್ನೂ ವೈದ್ಯರ ಪತ್ರವನ್ನೂ ಲಗತ್ತಿಸಿದೆ. ಅಷ್ಟರಲ್ಲಿ ಸೋದರಮಾವನ ಮದುವೆ ಬಂದಿತು. ಇಂಥ ಸಂದರ್ಭಗಳಿಗೆ ಒಮ್ಮೆಗೆ ಏಳು ದಿನ ಮೀರದಂತೆ ರಜೆ ಕೊಡಬಹುದಾದ್ದರಿಂದ ಸಮಿತಿ ಹುಡುಗನನ್ನು ಕಳುಹಿಸಿತು.

ಮರಳಿ ಬಂದವನು ಮದುವೆಯ ಮಾತೇ ಎತ್ತಲಿಲ್ಲ. "ಮೇಡಂ, ಅಮ್ಮ ರಾತ್ರಿ ಮಾತ್ರೆ ಮರೀತಾಳೆ, ನಾನಿದ್ರೆ ನೆನಪು ಮಾಡ್ತೀನಿ" ಎಂದ. ಕೇಳಿ ಮನಸ್ಸು ಕರಗಿದ್ದು ನಿಜ, ಆದರೆ ವರದಿಯಲ್ಲಿ ಅದನ್ನು ಎಚ್ಚರಿಕೆಯ ಮಾತಾಗಿಯೇ ಬರೆದೆ. ಎಂಟು ವರ್ಷದವನ ಮೇಲೆ ತಾಯಿಯ ಔಷಧದ ಹೊಣೆ ಬೀಳಬಾರದು. ಪಕ್ಕದ ಬೀದಿಯಲ್ಲಿದ್ದ ಅವರ ಅಕ್ಕ ಆ ಜವಾಬ್ದಾರಿಯನ್ನು ಸಮಿತಿಯ ಮುಂದೆ ಒಪ್ಪಿಕೊಂಡರು. ಮಕ್ಕಳ ರಕ್ಷಣೆಗೆಂದಿರುವ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿಯ ನೆರವಿಗೂ ಶಿಫಾರಸು ಮಾಡಿದೆ. ನಾನು ಮೊದಲು ದೋಷವೆಂದು ಬರೆದಿದ್ದ ಕೊರತೆಗೆ ಪರಿಹಾರ ನಮ್ಮ ಇಲಾಖೆಯಲ್ಲೇ ಇತ್ತು.

ಆದೇಶವಾದ ಒಂದು ತಿಂಗಳಿಗೆ ಅನುಸರಣಾ ಭೇಟಿಗೆ ಹೋದೆ. ಮಾತ್ರೆಯ ಡಬ್ಬಿ ದೊಡ್ಡಮ್ಮನ ಮನೆಯಲ್ಲಿತ್ತು. ಹುಡುಗ ಹೊರಗೆ ಆಡುತ್ತಿದ್ದವನು ನನ್ನನ್ನು ಕಂಡೊಡನೆ ಒಳಗೆ ಓಡಿ ತಾಯಿಯ ಸೆರಗು ಹಿಡಿದು ನಿಂತ. ಕರೆದೊಯ್ಯಲು ಬಂದಿಲ್ಲವೆಂದು ಅವನನ್ನು ನಂಬಿಸಲು ಆ ಮಧ್ಯಾಹ್ನವೆಲ್ಲ ಬೇಕಾಯಿತು.