ನಲವತ್ತೈದರ ನಂತರ ಕೈಮೇಲೆ ನಿಲ್ಲಲು ಕಲಿತ ಬಗೆ

ಸರ್ಕಸ್ಸಿಗೆ ಬೇಕಾದ ಮೈ ಬಾಲ್ಯದಲ್ಲೇ ತಯಾರಾಗಬೇಕು ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕೀಲೇರಿ ಕುಂಞಿಕಣ್ಣನ್ ಅವರು 1901ರಲ್ಲಿ ಕೇರಳದ ತಲಶ್ಶೇರಿ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದ ಮೇಲೆ ಬೆಳೆದ ಪರಂಪರೆಯಲ್ಲಿ ಎಳೆಯರನ್ನೇ ತಿದ್ದುವ ರೂಢಿ ಬಹುಕಾಲ ನಡೆಯಿತು. ಸರ್ಕಸ್ಸಿನಲ್ಲಿ ಮಕ್ಕಳ ಬಳಕೆಯನ್ನು ತಡೆಯುವಂತೆ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬೆಳೆಯುತ್ತಿರುವ ಎಲುಬು ತರಬೇತಿಗೆ ತಕ್ಕಂತೆ ರೂಪುಗೊಳ್ಳುತ್ತದೆ, ಬೆಳೆದು ನಿಂತ ಎಲುಬಿಗೆ ಆ ಅವಕಾಶವಿಲ್ಲ ಎಂಬುದು ನಿಜ. ಆದರೆ ಸ್ನಾಯು, ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ಇವೆರಡನ್ನೂ ನಡೆಸುವ ನರಗಳು ಯಾವ ವಯಸ್ಸಿನಲ್ಲೂ ತರಬೇತಿಗೆ ಓಗೊಡುತ್ತವೆ.

ನಾನು ಇಂಥ ಕಸರತ್ತಿಗೆ ತೊಡಗಿದ್ದು ನಲವತ್ತೈದು ದಾಟಿದ ಮೇಲೆ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ. ಜಿಮ್ನಾಸ್ಟಿಕ್ಸ್ ಕಲಿತಿದ್ದ ಶಿವಮೊಗ್ಗದ ಯುವತಿಯೊಬ್ಬಳು ಮೊದಲ ಪಾಠಗಳನ್ನು ಹೇಳಿಕೊಟ್ಟಳು. "ಅಕ್ಕಾ, ಯಾರ ಕೈಯಲ್ಲೂ ಕಾಲು ಎಳೆಸಿಕೊಳ್ಳಬೇಡಿ, ಬೆನ್ನು ಒತ್ತಿಸಿಕೊಳ್ಳಬೇಡಿ. ನೀವಾಗಿ ಎಷ್ಟು ಎತ್ತುತ್ತೀರೋ ಅಷ್ಟೇ ನಿಮ್ಮದು" ಎಂದು ಆಕೆ ಹೇಳಿದ ಮಾತಿನ ಮೇಲೆಯೇ ನನ್ನ ಸಾಧನೆಯೆಲ್ಲ ನಿಂತಿದೆ. ಸ್ನಾಯು ಪೂರ್ತಿ ಚಾಚಿಕೊಂಡ ಸ್ಥಿತಿಯಲ್ಲಿ ಅದಕ್ಕೆ ಬಲವಿಲ್ಲದಿದ್ದರೆ ನರಮಂಡಲವು ಅಪಾಯವೆಂದು ಬಗೆದು ಅದನ್ನು ಬಿಗಿಗೊಳಿಸುತ್ತದೆ; ಆ ಸ್ಥಿತಿಯಲ್ಲಿಯೇ ಬಲ ಬಂದಾಗ ಬಿಗಿತ ತಾನಾಗಿ ಸಡಿಲಗೊಳ್ಳುತ್ತದೆ ಎನ್ನುತ್ತಾರೆ. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರು ಅರವತ್ತರ ಅಂಚಿನಲ್ಲಿಯೂ ಕಾಲಿಗೆ ತಳೆ (ಮರವೇರಲು ಪಾದಗಳಿಗೆ ಸಿಕ್ಕಿಸುವ ಬಳೆ) ಹಾಕಿಕೊಂಡು ಅಡಿಕೆ ಮರವೇರಿ, ಪಕ್ಕದ ಮರವನ್ನು ಸೆಳೆದುಕೊಂಡು ಅದಕ್ಕೆ ದಾಟುವಾಗ ಪೂರ್ತಿ ಚಾಚಿದ ಅವರ ತೋಳು ಇಡೀ ಮೈಯ ಭಾರ ಹೊರುವುದನ್ನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ. ನನಗೆ ಬೇಕಾಗಿದ್ದುದು ಆ ಬಗೆಯ ಬಲ.

ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ನೆಲಕ್ಕೆ ಕೂರುವ ಸ್ಪ್ಲಿಟ್‌ಗಾಗಿ ನಾನು ಹಿಂದಿನ ಮೊಣಕಾಲಿನಡಿ ಮಡಿಸಿದ ಕಂಬಳಿ ಇಟ್ಟು, ಎರಡೂ ಬದಿಗೆ ಮಣೆಯ ಮೇಲೆ ಕೈಯೂರಿ, ತಾಳಬಲ್ಲಷ್ಟು ದೂರ ಮಾತ್ರ ಇಳಿಯುತ್ತೇನೆ. ಅಲ್ಲಿ ಮುಂದಿನ ಹಿಮ್ಮಡಿಯನ್ನು ನೆಲಕ್ಕೆ ಐದರಿಂದ ಹತ್ತು ಸೆಕೆಂಡು ಬಲವಾಗಿ ಒತ್ತಿ, ಬಿಟ್ಟು, ಉಸಿರು ಹೊರಹಾಕುತ್ತಾ ತುಸು ಕೆಳಗಿಳಿಯುತ್ತೇನೆ. ಇದರ ಬೆನ್ನಿಗೇ ಕಾಲು ಚಾಚಿ ಕುಳಿತು, ಅಂಗೈಗಳನ್ನು ಮೊಣಕಾಲುಗಳ ಅಕ್ಕಪಕ್ಕ ಊರಿ, ನೇರ ಕಾಲನ್ನು ನೆಲದಿಂದ ಎತ್ತಿಳಿಸುವ ಅಭ್ಯಾಸ ಬರಲೇಬೇಕು. ಅನೇಕರು ಕೈಬಿಡುವ ಭಾಗ ಇದು, ಫಲ ಕೊಡುವ ಭಾಗವೂ ಇದೇ. ತೊಡೆಯ ಹಿಂಬದಿಯ ನಡುವೆ ಎಳೆತ ಅನಿಸಿದರೆ ಚಿಂತೆಯಿಲ್ಲ. ಕೂರುವ ಮೂಳೆಯ ಬುಡದಲ್ಲಿಯೇ ನೋವು ಕಾಣಿಸಿಕೊಂಡರೆ ಮಾತ್ರ ಅದು ರಜ್ಜಿನ ನೋವಾಗಿರುವ ಸಂಭವ ಹೆಚ್ಚಾದ್ದರಿಂದ ಚಾಚುವುದನ್ನು ನಿಲ್ಲಿಸಬೇಕು.

ಕೈಮೇಲೆ ನಿಲ್ಲುವುದಕ್ಕೆ ಮೊದಲು ಮಣಿಕಟ್ಟು ಸಿದ್ಧವಾಗಬೇಕು. ಅಂಬೆಗಾಲಿನ ಭಂಗಿಯಲ್ಲಿ ಭಾರವನ್ನು ಮೆಲ್ಲಗೆ ಮುಂದಕ್ಕೆ ತರುವ ಅಭ್ಯಾಸವನ್ನೇ ನಾನು ವಾರಗಟ್ಟಲೆ ಮಾಡಿದೆ. ನಂತರ ಗೋಡೆಗೆ ಎದೆ ಬರುವಂತೆ, ಪಾದಗಳನ್ನು ಗೋಡೆಯ ಮೇಲೆ ಏರಿಸುತ್ತಾ ನಿಂತೆ. ಗೋಡೆಗೆ ಬೆನ್ನು ಕೊಟ್ಟರೆ ಸೊಂಟ ಕಮಾನಾಗುತ್ತದೆ, ಎದೆ ಕೊಟ್ಟರೆ ಮೈ ನೇರವಾಗುತ್ತದೆ. ತೋಳು ಕಿವಿಯ ಪಕ್ಕದಲ್ಲಿರಬೇಕು, ಹೆಗಲು ಕಿವಿಯತ್ತ ಏರಿರಬೇಕು. ನಿಂತಾಗ ಕಾಲ್ಬೆರಳು ಮಾಡುವ ಕೆಲಸವನ್ನು ಇಲ್ಲಿ ಕೈಬೆರಳು ಮಾಡುತ್ತದೆ: ಮೈ ಬೆನ್ನಿನ ಕಡೆಗೆ ವಾಲಿದರೆ ಬೆರಳ ತುದಿಗಳನ್ನು ಒತ್ತಬೇಕು, ಹೊಟ್ಟೆಯ ಕಡೆಗೆ ವಾಲಿದರೆ ಅಂಗೈಯ ಬುಡವನ್ನು ಒತ್ತಬೇಕು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುವುದರಿಂದ ರಕ್ತದೊತ್ತಡವನ್ನೂ ಕಣ್ಣನ್ನೂ ವೈದ್ಯರಲ್ಲಿ ತೋರಿಸಿಕೊಂಡ ಮೇಲೆಯೇ ನಾನು ಇದಕ್ಕೆ ಕೈಹಾಕಿದ್ದು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಇದನ್ನು ಮಾಡಬಾರದು.

ಬೆನ್ನು ಬಾಗಿಸುವಾಗ ಕೆಳಬೆನ್ನು ಬೇಗ ಒಪ್ಪಿಕೊಳ್ಳುತ್ತದೆ, ಪಕ್ಕೆಲುಬುಗಳು ಕೂಡಿರುವ ಮೇಲ್ಬೆನ್ನು ಒಪ್ಪುವುದಿಲ್ಲ. ಆದ್ದರಿಂದ ಎದೆ ತೆರೆಯುವುದಕ್ಕೂ ಸೊಂಟದ ಮುಂಭಾಗ ಚಾಚುವುದಕ್ಕೂ ಹೆಚ್ಚು ಸಮಯ ಕೊಡುತ್ತೇನೆ. ಹಗ್ಗ ಹಿಡಿದು ತೂಗಾಡುವ ಅಭ್ಯಾಸವೂ ನನ್ನದಿದೆ. ಅದಕ್ಕಾಗಿ ತೊಲೆಗೆ ಹಗ್ಗ ಬಿಗಿಯುವ ಮುನ್ನ ಬಡಗಿಯನ್ನು ಕರೆಸಿ ಮರ ಪರೀಕ್ಷಿಸಿದೆ, ಏಕೆಂದರೆ ತೂಗಾಡುವ ಮೈ ತೊಲೆಯ ಮೇಲೆ ತನ್ನ ತೂಕಕ್ಕಿಂತ ಹೆಚ್ಚಿನ ಭಾರ ಹಾಕುತ್ತದೆ.

ಸಾಧನೆ ಸಂಜೆಗೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವಾದ್ದರಿಂದ ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಾಗುವುದು ಒಳ್ಳೆಯದಲ್ಲ. ಆಷಾಢದ ಮಳೆ ಹಿಡಿದಾಗ ನಮ್ಮ ಕಡೆ ಮೈ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಬೆವರು ಮೂಡುವವರೆಗೂ ಬಸ್ಕಿ ಹೊಡೆದ ಮೇಲೆಯೇ ಚಾಚುತ್ತೇನೆ. ರಜ್ಜುಗಳಿಗೆ ರಕ್ತ ಹರಿಯುವುದು ಕಡಿಮೆ, ಅವು ಸ್ನಾಯುಗಳಿಗಿಂತ ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತವೆ. ಹಾಗಾಗಿ ಒಂದೇ ಬಗೆಯ ಕಠಿಣ ಅಭ್ಯಾಸದ ನಡುವೆ ಒಂದು ದಿನವಾದರೂ ಬಿಡುವು ಕೊಡುತ್ತೇನೆ. ಊಟದಲ್ಲಿ ಹುರುಳಿ, ಹೆಸರುಕಾಳು, ಮೊಟ್ಟೆ ಹೆಚ್ಚಿಸಿದ್ದೇನೆ.

ಕಾಲುಗಳನ್ನು ಎರಡೂ ಪಕ್ಕಕ್ಕೆ ಚಾಚುವ ಸ್ಪ್ಲಿಟ್ ನನಗೆ ಪೂರ್ತಿ ದಕ್ಕುವುದಿಲ್ಲ. ಅಲ್ಲಿ ತಡೆ ಸ್ನಾಯುವಿನದಲ್ಲ, ತೊಡೆಯೆಲುಬು ಸೊಂಟದ ಗುಳಿಯ ಅಂಚಿಗೆ ತಾಗುವುದರದ್ದು. ಆ ಗುಳಿಯ ಆಳವೂ ದಿಕ್ಕೂ ಒಬ್ಬೊಬ್ಬರಿಗೆ ಒಂದೊಂದು ಬಗೆ. ಎಳೆತವಿಲ್ಲದೆ ತೊಡೆಯ ಸಂದಿನಲ್ಲಿ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸುತ್ತೇನೆ, ಉಳಿದ ಹೊತ್ತನ್ನು ಹಗ್ಗಕ್ಕೆ ಕೊಡುತ್ತೇನೆ.