‘ಮ್ಯಾಚ್ಡ್ ಪೇರ್’ ಚೀಟಿಯನ್ನು ನಾನು ಓದುವ ಬಗೆ

ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್‌ಗಳನ್ನು ಕಟ್ಟುತ್ತ, ರಿಪೇರಿ ಮಾಡುತ್ತ ಬಂದಿರುವ ನಾನು, ವಾಲ್ವುಗಳ ಡಬ್ಬಿಯ ಮೇಲೆ ‘ಮ್ಯಾಚ್ಡ್ ಪೇರ್’ (ಒಂದೇ ಗುಣದ ಜೋಡಿ) ಎಂದು ಕಂಡಾಗ ಮಾರುವವರನ್ನು ಮೊದಲು ಕೇಳುವುದು ಇಷ್ಟು: ಪ್ಲೇಟಿಗೆ (ಎಲೆಕ್ಟ್ರಾನುಗಳು ಬಂದು ಸೇರುವ ತಗಡು) ಎಷ್ಟು ವೋಲ್ಟ್ ಕೊಟ್ಟಿರಿ, ಗ್ರಿಡ್ಡಿಗೆ (ಆ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ಎಷ್ಟು ಕೊಟ್ಟಿರಿ, ಅಳೆದದ್ದು ಏನನ್ನು? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಆ ಚೀಟಿಗೆ ಹೆಚ್ಚಿನ ಹಣ ಕೊಡಲು ನನಗೆ ಮನಸ್ಸು ಬರುವುದಿಲ್ಲ.

‘ಶೇ. 95 ಶಕ್ತಿ ಇದೆ’ ಎಂಬ ಮಾರುವವರ ಮಾತನ್ನೇ ನೋಡಿ. ಹಳೆಯ ಎಮಿಷನ್ ಟೆಸ್ಟರುಗಳು ಗ್ರಿಡ್ಡುಗಳನ್ನೆಲ್ಲ ಪ್ಲೇಟಿಗೆ ಸೇರಿಸಿ, ವಾಲ್ವನ್ನು ಬರಿಯ ಡಯೋಡ್ ಮಾಡಿಕೊಂಡು, ಕ್ಯಾಥೋಡ್ ಎಷ್ಟು ಎಲೆಕ್ಟ್ರಾನುಗಳನ್ನು ಹೊರಡಿಸಬಲ್ಲದು ಎಂಬುದನ್ನು ಮಾತ್ರ ತೋರಿಸುತ್ತವೆ. ಗ್ರಿಡ್ ಆ ಪ್ರವಾಹವನ್ನು ಎಷ್ಟು ಚೆನ್ನಾಗಿ ನಿಯಂತ್ರಿಸುತ್ತದೆ ಎಂಬುದು, ಅಂದರೆ ಆಂಪ್ಲಿಫೈಯರಿಗೆ ನಿಜವಾಗಿ ಬೇಕಾದ ಗುಣ, ಅಲ್ಲಿ ಕಾಣುವುದೇ ಇಲ್ಲ. ಅಮೆರಿಕದ ಸೇನೆ ಬಳಸುತ್ತಿದ್ದ ಟಿವಿ-7ರಂತಹ ಟೆಸ್ಟರುಗಳು ಗ್ರಿಡ್ಡಿಗೆ ಸಣ್ಣ ಎಸಿ ಸಿಗ್ನಲ್ ಕೊಟ್ಟು, ಗ್ರಿಡ್ಡಿನ ಒಂದು ವೋಲ್ಟಿಗೆ ಪ್ಲೇಟ್ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಗುಣವಾದ ಟ್ರಾನ್ಸ್‌ಕಂಡಕ್ಟೆನ್ಸನ್ನು ಅಂದಾಜಿಸುವುದರಿಂದ ಅವು ಎಷ್ಟೋ ಮೇಲು. ಆದರೂ ಅದರ ಮುಳ್ಳು ತೋರಿಸುವುದು ಮೀಟರಿನ ಗೆರೆಗಳನ್ನು. ಆ ವಾಲ್ವಿನ ಕನಿಷ್ಠ ಮಿತಿ ಎಷ್ಟೆಂಬುದನ್ನು ಪಟ್ಟಿಯಲ್ಲಿ ನೋಡದೆ, ಟೆಸ್ಟರಿನ ಕ್ಯಾಲಿಬ್ರೇಷನ್ ಸರಿಯಿದೆಯೆಂದು ತಿಳಿಯದೆ, ಆ ಅಂಕಿಯಿಂದ ಏನನ್ನೂ ನಿರ್ಧರಿಸಲಾಗದು.

ಹಾಗಾಗಿ ನಾನು ಪವರ್ ವಾಲ್ವುಗಳನ್ನು (ಸ್ಪೀಕರನ್ನು ನಡೆಸುವವು) ಸ್ವತಃ ಅಳೆಯುತ್ತೇನೆ. ಇಎಲ್84 ಆದರೆ ಸ್ಥಿರವಾದ ಸಪ್ಲೈಯಿಂದ ಪ್ಲೇಟಿಗೂ ಸ್ಕ್ರೀನಿಗೂ (ಎರಡನೆಯ ಗ್ರಿಡ್) 250 ವೋಲ್ಟ್, ಗ್ರಿಡ್ಡಿಗೆ ಮೈನಸ್ 7.3 ವೋಲ್ಟ್ ಕೊಟ್ಟು, ಚೆನ್ನಾಗಿ ಬಿಸಿಯಾಗಿ ಮೀಟರು ನಿಲ್ಲುವವರೆಗೆ ಕಾಯುತ್ತೇನೆ. ಡೇಟಾ ಶೀಟಿನ ಪ್ರಕಾರ ಆಗ ಪ್ಲೇಟ್ ಕರೆಂಟ್ 48 ಮಿಲಿಆಂಪ್ ಇರಬೇಕು. (ಈ ವೋಲ್ಟೇಜ್ ಪ್ರಾಣ ತೆಗೆಯಬಲ್ಲದು, ಕೆಪಾಸಿಟರುಗಳನ್ನು ಡಿಸ್ಚಾರ್ಜ್ ಮಾಡದೆ ಕೈ ಹಾಕಬಾರದು.) ಬಳಿಕ ಗ್ರಿಡ್ಡನ್ನು ಅರ್ಧ ವೋಲ್ಟ್ ಮೇಲಕ್ಕೂ ಅರ್ಧ ವೋಲ್ಟ್ ಕೆಳಕ್ಕೂ ಸರಿಸಿ ಎರಡೂ ಕರೆಂಟನ್ನು ಬರೆದುಕೊಂಡರೆ, ಅವುಗಳ ವ್ಯತ್ಯಾಸವೇ ನೇರವಾಗಿ ಒಂದು ವೋಲ್ಟಿಗೆ ಇಷ್ಟು ಮಿಲಿಆಂಪ್ ಎಂಬ ಟ್ರಾನ್ಸ್‌ಕಂಡಕ್ಟೆನ್ಸ್. ಇಎಲ್84ಕ್ಕೆ ಅದು 11.3ರ ಆಸುಪಾಸಿನಲ್ಲಿರಬೇಕು. ಜೋಡಿಯೆಂದು ಮಾರಿದ ಎರಡು ವಾಲ್ವುಗಳು ಮೈನಸ್ 7.3 ವೋಲ್ಟಿನಲ್ಲಿ ಒಂದೇ ಕರೆಂಟ್ ತೋರಿಸಿ, ಒಂದರಲ್ಲಿ ಈ ವ್ಯತ್ಯಾಸ 11, ಇನ್ನೊಂದರಲ್ಲಿ 9 ಬಂದದ್ದನ್ನು ನಾನು ಕಂಡಿದ್ದೇನೆ. ಸುಮ್ಮನಿರುವಾಗ ಅವು ಜೋಡಿ. ಸಂಗೀತ ಶುರುವಾದರೆ ಅಲ್ಲ.

ಅದೇ ಕೂರಿಕೆಯಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮುಗಿಸುತ್ತೇನೆ. ಮಾರುವವರ ಅಂಕಿಗಳಲ್ಲಿ ಇದು ಅಪರೂಪ, ನನ್ನ ಮಟ್ಟಿಗೆ ಇದೇ ಮುಖ್ಯ. ಗ್ರಿಡ್ಡಿನ ದಾರಿಯಲ್ಲಿ ಒಂದು ಮೆಗಓಮ್ ರೆಸಿಸ್ಟರನ್ನು ಸ್ವಿಚ್ಚಿನಿಂದ ಸೇರಿಸಿದಾಗ ಪ್ಲೇಟ್ ಕರೆಂಟ್ ಅಲುಗಬಾರದು. ಒಳಗೆ ಅನಿಲ ಉಳಿದು ಗ್ರಿಡ್ಡಿನಲ್ಲಿ ಕೇವಲ ಒಂದು ಮೈಕ್ರೊಆಂಪ್ ಹರಿದರೂ ಆ ರೆಸಿಸ್ಟರಿನಲ್ಲಿ ಒಂದು ವೋಲ್ಟ್ ಬಿದ್ದು, ಪ್ಲೇಟ್ ಕರೆಂಟ್ ಸುಮಾರು 11 ಮಿಲಿಆಂಪ್ ಏರುತ್ತದೆ. ಅಂತಹ ವಾಲ್ವ್ ಬಿಸಿಯಾದಂತೆ ಇನ್ನಷ್ಟು ಕರೆಂಟ್ ಎಳೆದು ತನ್ನನ್ನೇ ಸುಟ್ಟುಕೊಳ್ಳಬಹುದು. ಅದಕ್ಕೆ ಎಷ್ಟು ಒಳ್ಳೆಯ ಜೋಡಿ ಸಿಕ್ಕಿದ್ದರೂ ನಾನು ಹಿಂದಿರುಗಿಸುತ್ತೇನೆ.

ಜೋಡಿ ಎಲ್ಲಿ ಬೇಕು ಎಂಬುದು ಸರ್ಕ್ಯೂಟಿನ ಮಾತು. ಪುಷ್-ಪುಲ್ (ಎರಡು ವಾಲ್ವುಗಳು ಒಂದಕ್ಕೊಂದು ವಿರುದ್ಧವಾಗಿ ದುಡಿಯುವ) ಹಂತದಲ್ಲಿ ಆ ಎರಡರ ಡಿಸಿ ಕರೆಂಟ್ ಸಮವಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೋರ್ ಒಂದು ಕಡೆಗೆ ಕಾಂತಗೊಂಡು ಬಾಸ್ ಕೆಡುತ್ತದೆ; ಗಾಳಿಸಂದು ಇಲ್ಲದ, ಬಳೆಯಾಕಾರದ ಕೋರಿನ ಟೊರಾಯ್ಡ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಪ್ರತಿ ವಾಲ್ವಿಗೂ ಬೇರೆ ಬಯಾಸ್ (ಗ್ರಿಡ್ಡಿನ ಸ್ಥಿರ ವೋಲ್ಟೇಜ್) ಇದ್ದರೆ ಕರೆಂಟನ್ನು ನಾವೇ ಸಮ ಮಾಡಿಕೊಳ್ಳಬಹುದು, ಆಗ ಟ್ರಾನ್ಸ್‌ಕಂಡಕ್ಟೆನ್ಸ್ ಹತ್ತಿರವಿದ್ದರೆ ಸಾಕು. ಸಿಂಗಲ್-ಎಂಡೆಡ್ (ಒಂದೇ ವಾಲ್ವ್ ಇಡೀ ಸಿಗ್ನಲನ್ನು ಹೊರುವ) ಆಂಪ್ಲಿಫೈಯರಿನಲ್ಲಿ ಎಡಬಲದ ಮಟ್ಟ ಹೊಂದಿದರಾಯಿತು.

12ಎಎಕ್ಸ್7 ಎಂಬ ಸಣ್ಣ ಸಿಗ್ನಲಿನ ವಾಲ್ವಿನೊಳಗಿನ ಎರಡು ಟ್ರಯೋಡುಗಳು ಒಂದೇ ತೆರನಾಗಿರಬೇಕಾದದ್ದು ಮುಖ್ಯವಾಗಿ ಫೇಸ್ ಸ್ಪ್ಲಿಟರಿನಲ್ಲಿ (ಸಿಗ್ನಲನ್ನು ಎರಡು ವಿರುದ್ಧ ಪ್ರತಿಗಳಾಗಿಸುವ ಹಂತ). ಫೋನೋದ (ರೆಕಾರ್ಡ್ ಪ್ಲೇಯರಿನ ಸಿಗ್ನಲನ್ನು ಹಿಗ್ಗಿಸುವ ಭಾಗ) ಮೊದಲ ಹಂತಕ್ಕೆ ಬೇಕಾದದ್ದು ಕಡಿಮೆ ನಾಯ್ಸ್, ತಟ್ಟಿದರೆ ಗಣಗುಟ್ಟದ ಗಟ್ಟಿತನ. ಟ್ರಾನ್ಸ್‌ಕಂಡಕ್ಟೆನ್ಸಿನ ಅಂಕಿ ಇವೆರಡನ್ನೂ ಹೇಳುವುದಿಲ್ಲವಾದ್ದರಿಂದ, ವಾಲ್ವನ್ನು ಆ ಸಾಕೆಟ್ಟಿಗೇ ಹಾಕಿ, ವಾಲ್ಯೂಮ್ ಏರಿಸಿ, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ ಕೇಳಿಯೇ ಆರಿಸುತ್ತೇನೆ.